ಮಲಗದ ಮಲ್ಲಿಗೆ

ಪಂಚಾಂಗದ ಪ್ರಕಾರ ಯುಗಾದಿಯಿಂದ ವಸಂತ ಋತು. ಪಂಚಾಂಗ ಬರೆದವರು ಬಳ್ಳಾರಿಯ ನಮ್ಮ ಹಿತ್ತಲಲ್ಲಿ ಒಂದು ಮಧ್ಯಾಹ್ನ ನಿಂತು ನೋಡಬೇಕಿತ್ತು. ಶಿವರಾತ್ರಿ ಕಳೆದ ಎಂಟು ದಿನಕ್ಕೇ ಬಟ್ಟೆ ಒಗೆಯುವ ಕಲ್ಲು ಬರಿಗಾಲಿಗೆ ಸುಡತೊಡಗುತ್ತದೆ. ಬೇವಿನ ಮರವೊಂದು ಮಾತ್ರ ಪಂಚಾಂಗದ ಮರ್ಯಾದೆ ಕಾಪಾಡುತ್ತದೆ. ಎಲೆ ಉದುರಿಸಿ, ಕೆಂಪು ಚಿಗುರು ತಂದು, ಸರಿಯಾಗಿ ಯುಗಾದಿಗೆ ಹೂ ಬಿಡುತ್ತದೆ. ಆ ಹೂವು ಒಣಹಾಕಿದ ಸೀರೆಯ ಮೇಲೆ, ನೀರಿನ ಡ್ರಮ್ಮಿನಲ್ಲಿ, ನನ್ನ ತಲೆಯಲ್ಲಿ, ಎಲ್ಲೆಂದರಲ್ಲಿ ಬೀಳುತ್ತದೆ. ದಿನಕ್ಕೆರಡು ಸಲ ಕಸ ಹೊಡೆಯುವವಳು ನಾನೇ ಆದ್ದರಿಂದ ವಸಂತದ ಬಗ್ಗೆ ನನಗೆ ಅಂಥ ಅಕ್ಕರೆಯೇನಿಲ್ಲ.

ಹೋದ ವರ್ಷದ ಬೇಸಿಗೆಯ ಮಾತು ಇದು. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು, ನಿದ್ದೆ. ಬಂಗಾರ ಬೇಡ, ಸೀರೆ ಬೇಡ, ಕಾಶಿಯಾತ್ರೆಯೂ ಬೇಡ. ಉಂಡು, ಬಾಗಿಲು ಮುಂದೆ ಮಾಡಿ, ಫ್ಯಾನು ಹಚ್ಚಿ ಮಲಗಿದರೆ ಸಂಜೆಯವರೆಗೆ ಯಾರೂ ಕರೆಯಬಾರದು. ಅಂಥ ಒಂದು ಮಧ್ಯಾಹ್ನ, ಆಮೇಲೆ ಇನ್ನೊಂದು. ಇಷ್ಟು ಆಸೆಗೆ ನಾನು ಏನೇನು ಮಾಡಿದೆ ಅಂತ ನೆನೆಸಿಕೊಂಡರೆ ಈಗಲೂ ನಾಚಿಕೆ ಬರುತ್ತದೆ.

ನನ್ನ ನೌಕರಿ ಸಿರುಗುಪ್ಪದ ಒಂದು ಪ್ರಾಥಮಿಕ ಶಾಲೆಯಲ್ಲಿ. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಹೋಗುವಾಗ ಸೀಟು ಸಿಗುತ್ತದೆ, ಬರುವಾಗ ಕಂಬಿ ಹಿಡಿದು ನಿಲ್ಲಬೇಕು. ನನ್ನ ಗಂಡನದು ಕುಡತಿನಿ ಕಡೆ ಪಾಳಿ ಕೆಲಸ. ಪಾಳಿ ಮುಗಿಸಿ ಬಂದವರು ಮಲಗಬಹುದು, ಶಾಲೆ ಮುಗಿಸಿ ಬಂದವರು ಮಲಗುವ ಹಾಗಿಲ್ಲ. ಹೀಗಂತ ಯಾರೂ ಬರೆದಿಟ್ಟಿಲ್ಲ, ಆದರೂ ನಮ್ಮ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಮನೆಯಲ್ಲಿ ನಾವು ಮೂವರು, ಮೂರನೆಯವರು ನನ್ನ ಅತ್ತೆ.

ಅತ್ತೆಯ ತವರು ಕುರುಗೋಡು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹಿತ್ತಲು ಅವರದು. ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತು, ಹಿತ್ತಲನ್ನು ಬಿಟ್ಟುಕೊಟ್ಟಿರಲಿಲ್ಲ. ಬೇವು, ನುಗ್ಗೆ, ಕರಿಬೇವು, ಒಂದು ನಿಂಬೆ, ಗೋಡೆಗುಂಟ ಕನಕಾಂಬರ, ಒಂದು ಮಡಿ ಪುಂಡಿಪಲ್ಯ, ಮೂಲೆಯಲ್ಲಿ ದುಂಡು ಮಲ್ಲಿಗೆ. ಅದಕ್ಕೆ ಎಷ್ಟು ನೀರು, ಇದಕ್ಕೆ ಯಾವಾಗ ಗೊಬ್ಬರ, ಎಲ್ಲ ಅವರ ತಲೆಯಲ್ಲಿ. ಆ ಬೇಸಿಗೆಯ ಹಿಂದಿನ ದೀಪಾವಳಿ ಮುಗಿದ ವಾರಕ್ಕೆ ಒಗೆಯುವ ಕಲ್ಲಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಕೆಳಗಿನ ಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡು ಹಾಕಿದರು. ವಾಕರ್ ಹಿಡಿದು ದಿನಾ ನಾಲ್ಕು ಹೆಜ್ಜೆ ನಡೆಸಿ ಅಂತ ಡಾಕ್ಟರು ಹೇಳಿ ಕಳಿಸಿದರು. ಅತ್ತೆ ಆ ವಾಕರನ್ನು ಮೇಲೆ ಕೆಳಗೆ ನೋಡಿ, ತಮ್ಮ ಟವೆಲ್ಲು ಒಣಹಾಕಲು ಇಟ್ಟುಕೊಂಡರು.

ಅವರ ಮಂಚವನ್ನು ಹಿತ್ತಲ ಬಾಗಿಲ ಪಕ್ಕ ಹಾಕಿಸಿಕೊಂಡರು. ಮಲಗಿದಲ್ಲಿಂದಲೇ ಎಲ್ಲ ಕಾಣಬೇಕು. ನಾನು ಶಾಲೆಗೆ ಹೋದಾಗ ಪಕ್ಕದ ಓಣಿಯ ಹೆಂಗಸೊಬ್ಬಳು ಬಂದು ಕೂರುತ್ತಿದ್ದಳು. ನಾನು ಚಪ್ಪಲಿ ಬಿಡುವುದಕ್ಕೂ ಅವಳು ಮೆಟ್ಟಿಕೊಳ್ಳುವುದಕ್ಕೂ ಸರಿ. ಅಲ್ಲಿಂದ ಮರುದಿನ ಬೆಳಗಿನವರೆಗೆ ಅತ್ತೆಯ ಮೈ ತೊಳೆಯುವುದು, ಮಗ್ಗಲು ಬದಲಿಸುವುದು, ಬೆಡ್‌ಪ್ಯಾನು ಇಡುವುದು, ತೆಗೆಯುವುದು, ಮತ್ತೆ ಇಡುವುದು. ಮಗನನ್ನು ಕರೆಯುತ್ತಿರಲಿಲ್ಲ. ಅದು ಹೆಂಗಸರ ಕೆಲಸ ಅಂತಲ್ಲ, ಮಗನ ಮುಂದೆ ನಾಚಿಕೆ ಅಂತ. ಹೀಗೆ ರಾತ್ರಿಗೆ ಮೂರು ಸಲ ಏಳುವುದು ನನ್ನ ಪಾಲಿಗೆ ಬಂತು, ಹಿತ್ತಲೂ ನನ್ನ ಪಾಲಿಗೆ ಬಂತು.

ಮಲ್ಲಿಗೆಯ ವಿಷಯ ಹೇಳಬೇಕು. ಅದು ಅತ್ತೆ ತವರಿನಿಂದ ತಂದು ಊರಿದ ಕಡ್ಡಿ. ಅದನ್ನು ಸಾಕುವ ರೀತಿ ಬೇರೆ. ದೀಪಾವಳಿ ಕಳೆದ ಮೇಲೆ ಅದಕ್ಕೆ ನೀರು ಪೂರ್ತಿ ನಿಲ್ಲಿಸಬೇಕು. ಎಲೆ ಹಳದಿಯಾಗಿ, ಗಿಡ ಸತ್ತೇಹೋಯಿತು ಅನ್ನಿಸುವಷ್ಟು ಬಾಡಬೇಕು. ಸಂಕ್ರಾಂತಿ ಆದ ಮೇಲೆ ಕೊಂಬೆ ಕತ್ತರಿಸಿ, ಉಳಿದ ಎಲೆ ಸವರಿ, ಬುಡ ಬಿಡಿಸಿ ಬೇರಿಗೆ ನಾಲ್ಕು ದಿನ ಬಿಸಿಲು ತೋರಿಸಬೇಕು. ಆಮೇಲೆ ಗೊಬ್ಬರ ಕೊಟ್ಟು ಬುಡದ ತುಂಬ ನೀರು. ಆಗ ಗಿಡ ಎದ್ದು, ಚಿಗುರಿನ ತುದಿತುದಿಗೆ ಮೊಗ್ಗು ಹಿಡಿದು, ಯುಗಾದಿಯಿಂದ ಬೇಸಿಗೆ ಮುಗಿಯುವವರೆಗೆ ಹೂ ಕೊಡುತ್ತದೆ. ಅತ್ತೆ ಇದಕ್ಕೆ ಗಿಡ ಮಲಗಿಸುವುದು ಅನ್ನುತ್ತಿದ್ದರು.

"ಮಲಗಿದ್ರ ಏಳ್ತೈತಿ. ಮಲಗಲಿಲ್ಲಂದ್ರ ಬರೇ ಎಲಿ," ಅಂತ ಮಂಚದಿಂದಲೇ ನನಗೆ ಪಾಠ ಮಾಡಿದರು. "ಒಂದ ತಂಬಿಗಿ ನೀರೂ ಹಾಕಬ್ಯಾಡ ನೋಡು. ಕರುಳು ಚುರ್ ಅಂದ್ರೂ ಹಾಕಬ್ಯಾಡ."

"ಹೂಂರಿ," ಅಂದೆ.

ಆದರೆ ನಾನು ಹುಟ್ಟಿದ್ದು ಕೆಂಚನಗುಡ್ಡದ ಹತ್ತಿರ, ಹೊಳೆಯ ದಂಡೆಗೆ. ಕಾಲುವೆ, ಭತ್ತದ ಗದ್ದೆ, ಮೊಣಕಾಲವರೆಗೆ ಕೆಸರು. ನಮ್ಮ ಸಿರುಗುಪ್ಪದ ಕಡೆ ಗಿಡ ಸತ್ತರೆ ನೀರು ಹೆಚ್ಚಾಗಿ ಸಾಯಬೇಕು, ಕಡಿಮೆಯಾಗಿ ಸತ್ತದ್ದನ್ನು ನಾನು ಕಂಡವಳಲ್ಲ. ಕುರುಗೋಡಿನವರು ಕಲ್ಲುಗುಡ್ಡದ ಕೆಳಗೆ ಬಾವಿ ತೋಡಿ, ಹನಿ ಹನಿ ಅಳೆದು ಬೆಳೆದವರು. ಗಿಡವನ್ನು ಬಾಯಾರಿಸಿ ಬೆಳೆಸುವುದು ಅವರಿಗೆ ವಿದ್ಯೆ, ನನಗೆ ಪಾಪ. ಪುಷ್ಯಮಾಸದಲ್ಲಿ ಒಂದು ಸಂಜೆ ಬಸ್ಸಿಳಿದು ಬಂದು ನೋಡುತ್ತೇನೆ, ಮಲ್ಲಿಗೆ ಎಲೆಯೆಲ್ಲ ಜೋಲುಬಿಟ್ಟು ನಿಂತಿದೆ. ನನ್ನ ಕಾಲು ಬಾತಿದ್ದವು, ಬೆಳಿಗ್ಗೆಯಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಲ್ಲ. ಆ ಗಿಡ ನೋಡಿ ಅಳು ಬಂದುಬಿಟ್ಟಿತು. ಅಕ್ಕಿ ತೊಳೆದ ನೀರು ಅಲ್ಲೇ ಇತ್ತು, ಬುಡಕ್ಕೆ ಸುರಿದೆ.

ಒಂದು ದಿನ ಸುರಿದವಳಿಗೆ ಎರಡನೆಯ ದಿನ ಸುರಿಯುವುದು ಕಷ್ಟವೇ? ಆಮೇಲೆ ಸಂಜೆ ಸಂಜೆ ಒಂದು ಕೊಡ. ಅತ್ತೆಯ ಮುಖ ಗೋಡೆ ಕಡೆಗಿರುವ ಹೊತ್ತು ನೋಡಿ, ಕೊಡದ ಬಾಯಿಯನ್ನು ನೆಲಕ್ಕೆ ಹತ್ತಿಸಿ, ಮೆಲ್ಲಗೆ ಬಗ್ಗಿಸುತ್ತಿದ್ದೆ. ಐವತ್ತು ದಾಟಿದ ಟೀಚರಮ್ಮ, ಸ್ವಂತ ಮನೆಯ ಗಿಡಕ್ಕೆ ಕದ್ದು ನೀರು ಹಾಕುವುದು! ನಗು ಬರುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ದಿನದಲ್ಲಿ ಯಾರೂ ಹೇಳದೆ ನಾನೇ ಮನಸ್ಸು ಮಾಡಿ ಮಾಡುತ್ತಿದ್ದ ಕೆಲಸ ಅದೊಂದೇ. ಸಂಕ್ರಾಂತಿಯ ನಂತರ ಹೇಳಿದ ಹಾಗೇ ಕೊಂಬೆ ಕತ್ತರಿಸಿದೆ, ಬುಡ ಬಿಡಿಸಿದೆ, ಗೊಬ್ಬರ ಹಾಕಿದೆ. ಗಿಡ ಹಸಿರು ಹಸಿರಾಗಿ ಚಿಗುರಿತು. ಮುದುಕಿಯ ಶಾಸ್ತ್ರವೆಲ್ಲ ಸುಳ್ಳು, ನೋಡು ಹೇಗೆ ಬಂದಿದೆ ಅಂತ ನನ್ನ ಮನಸ್ಸಿನಲ್ಲೇ ಬೀಗಿದೆ.

ಯುಗಾದಿಯ ಮರುದಿನ ದೊಡ್ಡ ನಾದಿನಿ ಬಂದರು. ನನ್ನ ಗಂಡನ ಅಕ್ಕ. ಅವರನ್ನು ಕೊಟ್ಟದ್ದೂ ಕುರುಗೋಡಿಗೇ. ಮಾತು ಸ್ವಲ್ಪ ಬಿರುಸು, ಮನಸ್ಸು ಒಳ್ಳೆಯದು. ಹೋಳಿಗೆ ತಿನ್ನುತ್ತಾ ನನ್ನ ಮುಖವನ್ನೇ ನೋಡಿ, "ಏ ತಂಗಿ, ನಿನ್ನ ಮಾರಿ ಏನ್ ಹಿಂಗಾಗೈತಿ? ಕಣ್ಣ ಒಳಗ ಹೋಗ್ಯಾವಲ್ಲ," ಅಂದರು. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ನೀನು ನಮ್ಮನಿಗೆ ಬಾ. ಸಾಲಿ ಸೂಟಿ ಮುಗಿಯೋತನಕ ಇರು. ಇಕಿಗೆ ನಾಕ ದಿನ ನಿದ್ದಿ ಮಾಡಾಕ ಬಿಡು," ಅಂದರು.

ನನ್ನ ಆಸೆಯನ್ನು ಇವರು ಹೇಗೆ ಓದಿದರು ಅಂತ ಗಾಬರಿ. ಬಾಯಿಮಾತಿಗಾದರೂ ಬೇಡ ಬಿಡ್ರಿ ಅಕ್ಕ ಅನ್ನಬೇಕಿತ್ತು. ಅನ್ನದೆ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಅತ್ತೆ ಹಿತ್ತಲ ಕಡೆಗೆ ನೋಡಿದರು. "ಬರ್ತೀನಿ," ಅಂದರು. "ಬರಂಗಿಲ್ಲ ಅಂದ್ನೇನು? ಮಲ್ಲಿಗಿ ಅರಳ್ಲಿ. ನಮ್ಮಪ್ಪನ ಹೊಲದ ಮಲ್ಲಿಗಿ, ಮೊದಲ ಹೂ ನೋಡೇ ಬರ್ತೀನಿ."

"ಆತು ಬಿಡು, ಎಂಟ ದಿನದ ಮಾತು," ಅಂದರು ನಾದಿನಿ. ನಾನು ಒಳಗೆ ಹೋಗಿ ಕ್ಯಾಲೆಂಡರ್ ನೋಡಿದೆ. ರಜೆ ಶುರುವಾಗುವುದಕ್ಕೆ ಸರಿಯಾಗಿ ಹೂ ಬರುತ್ತದೆ. ಒಂದೂವರೆ ತಿಂಗಳು ನಿದ್ದೆ. ಆ ದಿನ ಪಾತ್ರೆ ತೊಳೆಯುವಾಗ ಹಾಡಿಕೊಂಡೆ ಅಂತ ಕಾಣುತ್ತದೆ. ಗಂಡ ಬಂದು, "ಏನ್ ವಿಶೇಷ?" ಅಂತ ಕೇಳಿದರು.

ಎಂಟು ದಿನ ಆಯಿತು. ಹದಿನೈದಾಯಿತು. ಶಾಲೆಗೆ ರಜೆಯೂ ಬಂತು. ರಜೆಯೆಂದರೆ ಓಣಿಯ ಆ ಹೆಂಗಸು ಬರುವುದಿಲ್ಲ, ನಾನು ಮನೆಯಲ್ಲೇ ಇರುತ್ತೇನಲ್ಲ. ಕೆಲಸ ಎರಡರಷ್ಟಾಯಿತು. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮುಂಚೆ ಮಲ್ಲಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಿಗುರನ್ನು ಬೆರಳಲ್ಲಿ ಬಿಡಿಸಿ ನೋಡುತ್ತಿದ್ದೆ. ಎಲೆ. ಅದರ ಒಳಗೆ ಇನ್ನೊಂದು ಎಲೆ.

"ಬಂದಾವೇನು?" ಮಂಚದಿಂದ ಕೇಳುವರು.

"ಇನ್ನಾ ಇಲ್ರಿ."

"ಬರ್ತಾವ, ಬರ್ತಾವ. ಏನ್ ಅವಸರ," ಅನ್ನುವರು.

ಅಷ್ಟರಲ್ಲಿ ಉಳಿದ ಹಿತ್ತಲು ಬೇಸಿಗೆಗೆ ಶರಣಾಗತೊಡಗಿತ್ತು. ಕೊತ್ತಂಬರಿ ಉದ್ದಕ್ಕೆ ಬೆಳೆದು ಬಿಳಿ ಹೂ ಬಿಟ್ಟು ಮುಗಿಯಿತು. ಪುಂಡಿಪಲ್ಯದ ಎಲೆ ಚರ್ಮದಂತೆ ಗಡಸಾಯಿತು, ಬೇಯಿಸಿದರೂ ಹಲ್ಲಿಗೆ ಸಿಕ್ಕುತ್ತಿತ್ತು. ನಿಂಬೆ ಗಿಡ ಗೋಲಿ ಗಾತ್ರದ ಕಾಯಿಗಳನ್ನು ದಿನಾ ನಾಲ್ಕೈದು ಉದುರಿಸುತ್ತಿತ್ತು. ಕನಕಾಂಬರ ಬೆಳಿಗ್ಗೆ ಇದ್ದ ಬಣ್ಣ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಬೇವಿನ ಹೂ ನಿಂತು, ಹಸಿರು ಕಾಯಿ ಹಿಡಿದವು. ನುಗ್ಗೆಕಾಯಿ ಮಾತ್ರ ಕೊಯ್ದಷ್ಟೂ ಇದ್ದವು. ದಿನಾ ನುಗ್ಗೆಕಾಯಿ ಸಾರು, ನುಗ್ಗೆಕಾಯಿ ಪಲ್ಯ. ಗಂಡ ತಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಬಾಯಿ ಬಿಟ್ಟು ಏನೂ ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ನಲ್ಲಿ ನೀರು ಬರುವ ದಿನ ದೂರ ದೂರವಾಯಿತು. ಹತ್ತು ಗಂಟೆ ಮೇಲೆ ಪೈಪಿನಲ್ಲಿ ಬರುವ ನೀರಿಗೆ ಕೈ ಹಿಡಿದರೆ ಚುರುಕ್ ಅನ್ನುತ್ತಿತ್ತು.

ಒಂದು ಕೆಲಸಕ್ಕೆ ಅಂತ, ಓಣಿಯ ಹೆಂಗಸನ್ನು ಅತ್ತೆಯ ಹತ್ತಿರ ಕೂರಿಸಿ, ಸಿರುಗುಪ್ಪದ ಶಾಲೆಗೆ ಹೋಗಬೇಕಾಯಿತು. ಅಲ್ಲಿಯ ಬಸ್‌ಸ್ಟ್ಯಾಂಡಿನ ಮುಂದೆ ಹೂ ಮಾರುವಾಕೆ ನನಗೆ ಹಳೆಯ ಪರಿಚಯ. ಅರ್ಧ ಕನ್ನಡ, ಅರ್ಧ ತೆಲುಗು. ಮೊಳ ಹೂ ಕೊಳ್ಳುವ ನೆವದಲ್ಲಿ ಕೇಳಿದೆ, ನಮ್ಮ ಗಿಡ ಯಾಕೆ ಹೂ ಬಿಡುತ್ತಿಲ್ಲ ಅಂತ.

"ಚಳಿಗಾಲದಾಗ ನೀರ ಹಾಕೀದೇನಮ್ಮಾ?"

ಹೂವಿನ ದುಡ್ಡು ಎಣಿಸತೊಡಗಿದೆ.

"ಅಯ್ಯೋ ನಿನ್ನ! ಕುಡದಕಂತ ಕುಂತ ಗಿಡ ಹೂ ಯಾಕ ಬಿಡ್ತೈತಿ? ಈಗರೆ ನೀರ ನಿಲ್ಸು. ಎಲಿ ಎಲ್ಲಾ ಸವರು. ಬಂದ್ರ ಬಂತು," ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಆದರೂ ಕಣ್ಣು ಮುಚ್ಚಲಾಗಲಿಲ್ಲ. ನನ್ನ ನಿದ್ದೆಯನ್ನು ನನ್ನ ಕೈಯಾರೆ, ಕೊಡ ಕೊಡವಾಗಿ ಸುರಿದು ಕಳೆದುಕೊಂಡಿದ್ದೆ. ಯಾರನ್ನು ಬೈಯಲಿ? ಅತ್ತೆ ಸ್ಪಷ್ಟವಾಗಿ ಹೇಳಿದ್ದರು, ಒಂದು ತಂಬಿಗೆಯೂ ಬೇಡ ಅಂತ. ಕರುಣೆ ಅಂತ ನಾನು ತಿಳಿದದ್ದು ಬರೀ ಹಟಮಾರಿತನ ಅಂತ ಆವತ್ತು ಅನ್ನಿಸಿತು.

ಮರುದಿನವೇ ಮಲ್ಲಿಗೆಗೆ ನೀರು ನಿಲ್ಲಿಸಿದೆ. ಚಳಿಗಾಲದಲ್ಲಲ್ಲ, ಆ ಕೆಂಡದ ಬಿಸಿಲಿನಲ್ಲಿ. ಎರಡೇ ದಿನಕ್ಕೆ ಗಿಡ ಸೋತಿತು. ಪಕ್ಕದ ಕರಿಬೇವಿಗೆ ನೀರು ಹಾಕುವಾಗ ಅದರ ಕಡೆ ನೋಡುತ್ತಿರಲಿಲ್ಲ. ಐದನೆಯ ದಿನ ಕೂತು ಎಲೆ ಸವರಿದೆ. ಮೇಲಿನಿಂದ ಕೆಳಗೆ ಒಂದೊಂದು ರೆಂಬೆಯನ್ನೂ ಬೆರಳ ಮಧ್ಯೆ ಹಿಡಿದು ಎಳೆದರೆ ಎಲೆಗಳು ಬಂದು ಮಡಿಲಿಗೆ ಬೀಳುತ್ತಿದ್ದವು. ಪುಷ್ಯದಲ್ಲಿ ಅದೇ ಗಿಡ ನೋಡಿ ಅತ್ತವಳು ಈಗ ಅದನ್ನು ಬೆತ್ತಲೆ ಮಾಡುತ್ತಿದ್ದೆ, ಅತ್ತೆಯನ್ನು ಮನೆಯಿಂದ ಕಳಿಸುವುದಕ್ಕೆ. ಹೌದು, ಅದಕ್ಕೇ. ಬೇರೆ ಮಾತು ಹೇಳಿ ಏನು ಪ್ರಯೋಜನ? ನನಗೆ ನಿದ್ದೆ ಬೇಕಿತ್ತು. ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದೆ. ಅತ್ತೆಯ ಮುಖ ಗೋಡೆ ಕಡೆಗಿತ್ತು.

ಬಸವ ಜಯಂತಿಯ ದಿನ ನಾದಿನಿ ಕಾರು ಮಾಡಿಕೊಂಡೇ ಬಂದರು. ಹಿಂದಿನ ಸೀಟಿಗೆ ದಿಂಬು, ಗಾದಿ, ಎಲ್ಲ ತಯಾರು. "ಹೂವೇನು, ಅಲ್ಲಿ ಕುರುಗೋಡದಾಗ ಸಿಗಂಗಿಲ್ಲೇನು? ನಡಿ ಅವ್ವಾ," ಅನ್ನುತ್ತಾ ಸೀದಾ ಹಿತ್ತಲಿಗೆ ಹೋದರು. ಆ ಹಿತ್ತಲಲ್ಲೇ ಆಡಿ ಬೆಳೆದವರು. ಮಲ್ಲಿಗೆಯ ಮುಂದೆ ನಿಂತು, ಒಂದು ರೆಂಬೆ ಬಗ್ಗಿಸಿ ನೋಡಿ, ಉಗುರಲ್ಲಿ ಗೀರಿದರು. ಎಲೆ ಇಲ್ಲದಿದ್ದರೂ ಒಳಗೆ ಹಸಿರೇ ಹಸಿರು, ಉದ್ದುದ್ದ ಬೆಳೆದ ಹುರುಪಿನ ರೆಂಬೆ.

"ಇದಕ್ಕ ಚಳಿಗಾಲದಾಗ ನೀರ ಹಾಕಿದವ್ರ್ ಯಾರು?" ಅಂತ ಅಲ್ಲಿಂದಲೇ ಕೂಗಿದರು.

ಟೀಚರಮ್ಮ ಶಾಲೆಯ ಹುಡುಗಿಯ ಹಾಗೆ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದ ದನಿ ಬಂತು.

"ನಾನ ಹಾಕ್ಸೀನಿ. ಏನೀಗ?"

"ನೀನಾ? ನಿನಗ ಗೊತ್ತಿಲ್ಲೇನು?"

"ವಯಸ್ಸಾತಲ್ಲ, ಮರತೆ. ಹೂ ಬಂದ ಮ್ಯಾಲ ಬರ್ತೀನಿ ಅಂದೀನಿ, ಬಂದ ಮ್ಯಾಲ ಬರ್ತೀನಿ. ಸುಮ್ನ ಕೂಡು, ಮಜ್ಜಿಗಿ ಕುಡಿ."

ನಾದಿನಿ ಗೊಣಗಿದರು, ಮಜ್ಜಿಗೆ ಕುಡಿದರು, ತಂದ ಗಾದಿಯೊಂದಿಗೆ ಖಾಲಿ ಕಾರಿನಲ್ಲಿ ವಾಪಸು ಹೋದರು. ಕಾರಿನ ಸದ್ದು ಓಣಿಯ ತಿರುವಿನಲ್ಲಿ ಅಡಗುವವರೆಗೆ ಬಾಗಿಲಲ್ಲೇ ನಿಂತಿದ್ದು ಒಳಗೆ ಬಂದೆ. ಮಂಚದ ಪಕ್ಕ ನೆಲಕ್ಕೆ ಕೂತೆ.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಕೊಡ ಬಗ್ಗಸೋ ಸಪ್ಪಳ ದಿನಾ ಕೇಳ್ತಿತ್ತು. ಕಾಲ ಮುರದೈತಿ, ಕಿವಿ ಮುರದಿಲ್ಲ."

"ಮತ್ತ ಯಾಕ ಸುಮ್ನಿದ್ರಿ?"

"ಯಾರರೆ ಒಬ್ರಿಗೆ ಮನಸಾರೆ ನೀರ ಹಾಕಾಕ ಹತ್ತೀದಿ. ಹಾಕ್ಲಿ ಬಿಡು ಅಂತ."

ಆಗ ನನಗೆ ಹೊಳೆಯಿತು. ಇವರಿಗೆ ಪುಷ್ಯದಿಂದಲೂ ಗೊತ್ತು, ಈ ವರ್ಷ ಹೂ ಬರುವುದಿಲ್ಲ ಅಂತ. ಗೊತ್ತಿದ್ದೇ ಯುಗಾದಿಯ ಮರುದಿನ ಮಲ್ಲಿಗೆ ಅರಳಲಿ, ಬರ್ತೀನಿ ಅಂದರು. ನಾನು ದಿನಾ ಬೆಳಿಗ್ಗೆ ಕೂತು ಮೊಗ್ಗು ಹುಡುಕುವುದನ್ನು ಮಲಗಿ ನೋಡುತ್ತಿತ್ತು ಈ ಮುದುಕಿ! ಬರ್ತಾವ, ಬರ್ತಾವ ಅನ್ನುತ್ತಿತ್ತು! ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಅವರ ಮುಂದೆ ದನಿ ಎತ್ತಿರಲಿಲ್ಲ, ಆವತ್ತು ಎತ್ತಿದೆ.

"ನನ್ನ ಕೈಲಿ ಆಗಂಗಿಲ್ರಿ! ಸಾಕಾಗೇತಿ ನಂಗ. ನಿದ್ದಿ ಇಲ್ಲ, ನೀರಡಿಕಿ ಇಲ್ಲ, ಹೆಂಗ ಬದುಕ್ಲಿ ನಾನು? ನಾಕ ದಿನ ಮಗಳ ಮನ್ಯಾಗ ಇದ್ದ ಬಂದ್ರ ನಿಮ್ಮ ಗಂಟೇನ್ ಹೋಗ್ತೈತಿ?"

ಅತ್ತೆ ಸಿಟ್ಟು ಮಾಡಲಿಲ್ಲ. ಚಾದರದ ಅಂಚನ್ನು ಎರಡು ಬೆರಳಲ್ಲಿ ಮಡಚುತ್ತಾ, ಬಿಡಿಸುತ್ತಾ ಇದ್ದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

"ಅಳ್ಯಾ ಓಡಾಡೋ ಮನಿ ಅದು. ಒಂದ ಪಡಸಾಲಿ. ಅಲ್ಲಿ ಮಲಕ್ಕಂಡ ಬೆಡ್‌ಪ್ಯಾನ್ ಕೊಡ್ರಿ ಅಂತ ಹೆಂಗ ಕೂಗ್ಲಿ? ನಿನ್ನ ಕರಿಯಾಕ ನಂಗ ನಾಚಿಕಿ ಆಗಂಗಿಲ್ಲ. ಮಗಳನ್ನ ಕರಿಯಾಕ ನಾಚಿಕಿ ಆಗ್ತೈತಿ. ಯಾಕೋ ಗೊತ್ತಿಲ್ಲ."

ಅವರು ಹಿತ್ತಲಿನ ಕಡೆ ನೋಡಿದರು.

"ನೀ ಈಗ ಗಿಡಾ ಒಣಗಸಾಕ ಹತ್ತಿದ್ದೂ ನೋಡೀನಿ. ಯಾಕಂತನೂ ಗೊತ್ತೈತಿ. ತಪ್ಪ ಅನ್ನಂಗಿಲ್ಲ. ಕೊಟ್ಟ ಮಾತ ಐತಲ್ಲ. ಒಂದ ಮೊಗ್ಗಿ ಅರಳ್ಲಿ, ಫೋನ್ ಹಚ್ಚು ಆಕಿಗೆ. ಹೋಗ್ತೀನಿ."

ಆವತ್ತು ಮೈ ಒರೆಸುವಾಗ ಅವರು ಕೈ ಎತ್ತಿದರು, ನಾನು ಒರೆಸಿದೆ. ಸಂಜೆ ಮಲ್ಲಿಗೆಗೆ ಒಂದು ಕೊಡ ನೀರು ಹಾಕಲೇ ಅಂತ ಹೋಗಿ, ಹಾಕದೆ ಬಂದೆ. ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು ಅನ್ನಿಸತೊಡಗಿತ್ತು. ಯೋಚನೆ ಮಾಡುವುದಕ್ಕೂ ನನಗೆ ತ್ರಾಣವಿರಲಿಲ್ಲ.

ವೈಶಾಖದ ನಡುವಿಗೆ ಒಂದು ಮಳೆ ಬಂತು. ಮೊದಲು ಮಣ್ಣು ಹೊತ್ತುಕೊಂಡು ಗಾಳಿ, ಬಾಗಿಲು ಕಿಟಕಿ ಎಲ್ಲ ಧಡಾರ್ ಅಂತ ಬಡಿದುಕೊಂಡವು. ಆಮೇಲೆ ಅರ್ಧ ಗಂಟೆ ದಪ್ಪ ಹನಿ. ಬೇವಿನ ಹಣ್ಣುಗಳು ಉದುರಿ ಅಂಗಳವೆಲ್ಲ ಅಂಟು ಅಂಟಾಯಿತು. ಮತ್ತೆ ಮಾರನೆಯ ದಿನ ಅದೇ ಬಿಸಿಲು, ಮೇಲೆ ಬೆವರು ಬೇರೆ. ವಾರ ಕಳೆಯುವಷ್ಟರಲ್ಲಿ ಬೋಳು ಮಲ್ಲಿಗೆ ಗೆಣ್ಣುಗೆಣ್ಣಿಗೂ ಸಣ್ಣ ಚಿಗುರು ತಂದಿತು. ನಾನು ನೋಡುವುದನ್ನು ಬಿಟ್ಟಿದ್ದೆ. ರಜೆ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಕಸ ಹೊಡೆಯುತ್ತಾ ಆ ಮೂಲೆಗೆ ಬಂದೆ. ಪೊರಕೆ ತಾಗಿ ರೆಂಬೆ ಅಲುಗಿತು. ತುದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಕೂತು ನೋಡಿದೆ. ಮೊಗ್ಗು. ದುಂಡಗೆ, ಬಿಗಿಯಾಗಿ, ಸಂಜೆಗೆ ಅರಳುವಂಥವು. ಒಂದು, ಎರಡು, ಆ ಕಡೆ ಮೂರು, ಕೆಳಗೆ ಎರಡು. ಎಲ್ಲ ಸೇರಿ ಏಳು. ಗಿಡ ಕೊನೆಗೂ ಮಲಗಿ ಎದ್ದಿತ್ತು.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ಖುಷಿಯೇ. ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಹಚ್ಚಿದರೆ ಮಧ್ಯಾಹ್ನದೊಳಗೆ ಕಾರು ಬರುತ್ತದೆ. ಉಳಿದ ದಿನ ಪೂರ್ತಿ ನಿದ್ದೆ. ಅತ್ತೆ ಮಾತಿಗೆ ತಪ್ಪುವವರಲ್ಲ, ಹೋಗುತ್ತಾರೆ. ಅಳಿಯನ ಪಡಸಾಲೆಯಲ್ಲಿ ಮಲಗಿ, ಕರೆಯಲಾರದೆ, ಹಲ್ಲು ಕಚ್ಚಿಕೊಂಡು ಮಗಳು ತಾನಾಗಿ ಬರುವುದನ್ನು ಕಾಯುತ್ತಾರೆ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಬೇಡ ಅಂದರೂ ಕಂಡಿತು.

"ಏನ್ ಕುಂತಬಿಟ್ಟಿ? ಮೊಗ್ಗಿ ಬಂದಾವೇನು?" ಮಂಚದಿಂದ ಕೇಳಿದರು.

ಅವರಿಗೆ ಬೆನ್ನು ಮಾಡಿ ಕೂತು, ಏಳನ್ನೂ ಒಂದೊಂದಾಗಿ ಬಿಡಿಸಿದೆ. ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಇಲ್ರಿ. ಬರೇ ಎಲಿ," ಅಂದೆ. ಪೊರಕೆ ತೆಗೆದುಕೊಂಡು ಉಳಿದ ಕಸ ಹೊಡೆದೆ. ಅಳು ಬರುತ್ತಿತ್ತು. ನನ್ನ ಬಗ್ಗೆಯೇ ಮರುಕ, ಇನ್ನೇನೂ ಅಲ್ಲ.

ಅಡುಗೆ ಆಯಿತು. ಗಂಡ ಡಬ್ಬಿ ಕಟ್ಟಿಕೊಂಡು ಪಾಳಿಗೆ ಹೋದರು. ಅತ್ತೆಗೆ ಉಣ್ಣಿಸಿದೆ. ಊಟದ ನಂತರ ಮಗ್ಗಲು ಬದಲಿಸಬೇಕು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟು, ಅವರನ್ನು ನನ್ನ ಕಡೆಗೆ ಒರಗಿಸಿಕೊಂಡು ಹೊರಳಿಸಬೇಕು. ಹಾಗೆ ಒರಗಿಸಿಕೊಂಡಾಗ ಅವರ ಮುಖ ನನ್ನ ಸೊಂಟದ ಹತ್ತಿರಕ್ಕೆ ಬಂತು. ಆಗ ನನಗೆ ನೆನಪಾಯಿತು. ಬೆಳಗಿನಿಂದ ಒಲೆಯ ಮುಂದೆ, ಸೆಕೆಯಲ್ಲಿ, ಮೊಗ್ಗುಗಳು ಗಂಟಿನೊಳಗೇ ಅರಳಿಬಿಟ್ಟಿದ್ದವು. ದುಂಡು ಮಲ್ಲಿಗೆಯ ವಾಸನೆ ಘಂ ಅಂತ ಬಂತು.

ಅತ್ತೆ ಅಲುಗಾಡಲಿಲ್ಲ. ಕಣ್ಣು ಮುಚ್ಚಿ, ಒಂದು ಸಲ ನಿಧಾನಕ್ಕೆ ಉಸಿರು ಎಳೆದುಕೊಂಡರು. ನಾನು ಹಿಡಿದ ಹಾಗೇ ನಿಂತಿದ್ದೆ. ಎಷ್ಟೋ ಹೊತ್ತಾದ ಮೇಲೆ ತಾವೇ ಮುಖ ಹಿಂದಕ್ಕೆ ತೆಗೆದರು.

"ಈ ವರ್ಷ ಬರೇ ಎಲೀನೇ, ಬಿಡು," ಅಂದರು. "ಬರೋ ವರ್ಷ ಪುಷ್ಯದಾಗ ನೀರ ಹಾಕಬ್ಯಾಡ."

"ಹೂಂರಿ."

"ಹೋಗು, ಮಲಕ್ಕೊ. ನಾ ಕರಿಯಂಗಿಲ್ಲ."

ಈ ಮಾತು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು. ಹೇಳಿದ ಅರ್ಧ ಗಂಟೆಗೆ ಕರೆಯುತ್ತಿದ್ದರು. ಕರೆಯಲಿ, ಅಷ್ಟರವರೆಗಾದರೂ ಬೆನ್ನು ನೆಲಕ್ಕೆ ಹತ್ತಲಿ ಅಂತ ಹೋಗಿ ಮಲಗಿದೆ. ಬಾಗಿಲು ಮುಂದೆ ಮಾಡಿದೆ. ಫ್ಯಾನು ತಿರುಗುತ್ತಿತ್ತು. ಆಮೇಲೆ ಏನೂ ಗೊತ್ತಿಲ್ಲ.

ಎಚ್ಚರವಾದಾಗ ಕೋಣೆಯಲ್ಲಿ ಮಬ್ಬು. ಓಣಿಯಲ್ಲಿ ಯಾರದೋ ಮನೆಯ ದೀಪ ಹಚ್ಚುವ ಹೊತ್ತಿನ ಗಂಟೆ. ಎಷ್ಟು ತಿಂಗಳಿಂದ ನನ್ನ ಮೈ ಅಷ್ಟು ಹಗುರಾಗಿರಲಿಲ್ಲ. ಸೆರಗು ಬಿಚ್ಚಿ ನೋಡಿ, ಬಾಡಿದ ಏಳು ಹೂಗಳನ್ನು ಕಂಡು, ಗಡಬಡಿಸಿ ಎದ್ದೆ. ನಾಲ್ಕು ತಾಸು! ನಾಲ್ಕು ತಾಸು ಯಾರೂ ನನ್ನನ್ನು ಕರೆದಿರಲಿಲ್ಲ. ಹಿತ್ತಲ ಬಾಗಿಲ ಕಡೆ ಓಡಿದೆ.

ಅತ್ತೆ ಎಚ್ಚರವಾಗಿದ್ದರು. ಬಿಟ್ಟುಹೋದ ಮಗ್ಗುಲಲ್ಲೇ ಇದ್ದರು. ದೀಪದ ಸ್ವಿಚ್ ಹಾಕಿದೆ. ಚಾದರ, ಗಾದಿ, ಸೀರೆ ಎಲ್ಲ ನೆಂದು ಹೋಗಿತ್ತು. ಈಗಿನದಲ್ಲ, ಅಂಚು ಒಣಗತೊಡಗಿತ್ತು. ಮುರಿದ ಕಾಲನ್ನು ಅಲ್ಲಾಡಿಸದೆ, ಆ ಹಸಿಯಲ್ಲೇ, ಒಂದು ಸೊಲ್ಲೂ ಎತ್ತದೆ ಮಲಗಿದ್ದರು. ನನ್ನನ್ನು ಕರೆಯಲು ನಾಚಿಕೆಯಿಲ್ಲ ಅಂದವರು ಕರೆದಿರಲಿಲ್ಲ.

ನನ್ನ ಮುಖ ನೋಡಿ ಕೇಳಿದರು, "ನಿದ್ದಿ ಬಂತೇನು?"

"ಬಂತ್ರಿ," ಅಂದೆ.

ಒಲೆಯ ಮೇಲೆ ನೀರು ಕಾಯಿಸಲು ಇಟ್ಟು, ಒಣಗಿದ ಚಾದರ ಹುಡುಕಿ ತಂದೆ.